ಲ್ಯಾಂಡ್ ರೋವರ್ ಡಿಸ್ಕವರಿ 3 ಏರ್ ಸಸ್ಪೆನ್ಷನ್‌ಗೆ ಕೈ ಸ್ಕ್ಯಾನರ್: ನಾಲ್ಕು ವರ್ಷ ಬಳಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಅಗ್ಗದ ಬ್ಲೂಟೂತ್ ಅಡಾಪ್ಟರ್ ಸಾಮಾನ್ಯವಾಗಿ ಇಂಜಿನ್ನಿನ 'ಪಿ' ದೋಷದ ಕೋಡುಗಳಿಗಷ್ಟೇ ಸರಿ. ಸಸ್ಪೆನ್ಷನ್ನಿನ 'ಸಿ' ಕೋಡು ಬೇಕೆಂದರೆ ಅದರ ಮಾಡ್ಯೂಲನ್ನು (ಸಸ್ಪೆನ್ಷನ್ ನಡೆಸುವ ಪುಟ್ಟ ಕಂಪ್ಯೂಟರ್) ಓದಬಲ್ಲ ಇಂಥ ಸ್ಕ್ಯಾನರೇ ಆಗಬೇಕು. ಆದರೆ ಕೋಡು ಕಂಡ ಕೂಡಲೇ ಪಾರ್ಟ್ ತರಿಸುವವರಿಗೆ ಇದರಿಂದ ನಷ್ಟವೇ ಹೆಚ್ಚು.

ಸಿ1ಎ20 ತೆಗೆದುಕೊಳ್ಳಿ. ಸಸ್ಪೆನ್ಷನ್ನಿನ ಟ್ಯಾಂಕಿಗೆ ಕಂಪ್ರೆಸರ್ ಗಾಳಿ ತುಂಬುವಾಗ ಒತ್ತಡ ನಿಧಾನವಾಗಿ ಏರುತ್ತಿದೆ, ಅಷ್ಟೇ ಅದರ ಅರ್ಥ. ಕಂಪ್ರೆಸರ್ ಸವೆದಿರಬಹುದು, ಪೈಪ್ ಸೋರುತ್ತಿರಬಹುದು, ರಿಲೇ (ಕಂಪ್ರೆಸರಿಗೆ ಕರೆಂಟು ಕೊಡುವ ಸ್ವಿಚ್ಚು) ಸುಟ್ಟಿರಬಹುದು. ದುಬಾರಿ ಕಂಪ್ರೆಸರಿಗೆ ಕೈಹಾಕುವ ಮೊದಲು ಮಲ್ಟಿಮೀಟರ್ ತೆಗೆಯಿರಿ. ಕಂಪ್ರೆಸರ್ ಓಡುತ್ತಿರುವಾಗಲೇ ಒಂದು ಪ್ರೋಬನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಕಂಪ್ರೆಸರ್ ಕನೆಕ್ಟರಿನ ಪ್ಲಸ್ ಪಿನ್ನಿಗೆ ಹಿಂಬದಿಯಿಂದ ತಾಗಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟು ವೋಲ್ಟೇಜು ದಾರಿಯಲ್ಲೇ ಕಳೆದುಹೋಗುತ್ತಿದೆ. ಮೊದಲು ರಿಲೇ ಕಾಂಟ್ಯಾಕ್ಟ್, ಅದರ ಸಾಕೆಟ್ ನೋಡಿ. ಮೈನಸ್ (ಅರ್ತ್) ಕಡೆಯೂ ಹೀಗೇ. ಕನೆಕ್ಟರ್ ಕಳಚಿ ಅಳೆದರೆ ಲೋಡೇ ಇರುವುದಿಲ್ಲ, ಒಂದೇ ಎಳೆ ಉಳಿದ ವೈರೂ ಠೀವಿಯಿಂದ 12.6 ವೋಲ್ಟ್ ತೋರಿಸುತ್ತದೆ. ರಿಲೇ ಅಂಟಿಕೊಂಡರೆ ಉಲ್ಟಾ: ಕಂಪ್ರೆಸರ್ ನಿಲ್ಲುವುದೇ ಇಲ್ಲ, ಕಾದು ಕಾದು ಸುಟ್ಟುಹೋಗುತ್ತದೆ. ಹೊಸ ಕಂಪ್ರೆಸರ್ ಹಾಕಿ ಹಳೆ ರಿಲೇ ಉಳಿಸುವುದು ಜಿಪುಣತನವೂ ಅಲ್ಲ, ಪೆದ್ದತನ.

ಕೊಟ್ಟ ದುಡ್ಡು ಸಾರ್ಥಕವಾಗುವುದು ಲೈವ್ ಡೇಟಾದಲ್ಲಿ, ಅಂದರೆ ಸೆನ್ಸರುಗಳ ಆ ಕ್ಷಣದ ರೀಡಿಂಗಿನಲ್ಲಿ. ನಾಲ್ಕೂ ಚಕ್ರದ ಹೈಟ್ ಸೆನ್ಸರ್ ಒಂದೇ ಪರದೆಯಲ್ಲಿ ಕಾಣುತ್ತವೆ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ (ಗಾಳಿ ಇಳಿದರೆ ಎರಡೂವರೆ ಟನ್ ಮೈಮೇಲೆ), ಸೆನ್ಸರನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಕಡ್ಡಿ (ಲಿಂಕ್) ಕಳಚಿ, ಸೆನ್ಸರಿನ ತೋಳನ್ನು ಮೆಲ್ಲಗೆ ಆಡಿಸಿ. ವೋಲ್ಟೇಜು ಸರಾಗವಾಗಿ ಏರಿಳಿಯಬೇಕು. ನಡುವೆ ಹಾರಿದರೆ ಸೆನ್ಸರ್ ಮೇಲೆಯೇ ಅನುಮಾನ. 0 ಅಥವಾ 5 ವೋಲ್ಟಿನಲ್ಲಿ ಕದಲದೆ ನಿಂತರೆ ಮಾತ್ರ ಮೊದಲು ಪ್ಲಗ್ ನೋಡಿ: 5 ವೋಲ್ಟ್ ಸಪ್ಲೈ ಬರುತ್ತಿದೆಯೇ, ಅರ್ತ್ ಇದೆಯೇ? ಮಳೆನೀರು ಹೊಕ್ಕ ಪ್ಲಗ್ಗಿನಲ್ಲಿ ಪಿನ್ನಿನ ಬುಡಕ್ಕೆ ಹಸಿರು ಕಿಲುಬು ಕೂತಿರುತ್ತದೆ; ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿದರೆ ಎಷ್ಟೋ ಸಲ ಅಷ್ಟೇ ಸಾಕು.

ಒಮ್ಮೆಲೇ ಎಂಟು-ಹತ್ತು ಕೋಡು ಸುರಿದರೆ ಬ್ಯಾಟರಿ ನೋಡಿ; ವೋಲ್ಟೇಜು ಕುಸಿದರೂ ಹೀಗಾಗುತ್ತದೆ.

ಒಂದು ಸ್ಟಾರ್ ಕಡಿದದ್ದು 'ಎಲ್ಲಾ ಅಳಿಸು' ಬಟನ್ನಿಗೆ. ಒತ್ತಿದರೆ ಇನ್ನೊಮ್ಮೆ ಕೇಳುವುದೇ ಇಲ್ಲ, ಬರೆದುಕೊಳ್ಳದ ಕೋಡೆಲ್ಲ ಮಾಯ. ಗಾಡಿಯ ಎತ್ತರ ಹೊಂದಿಸುವ ಕ್ಯಾಲಿಬ್ರೇಷನ್ ಪರದೆಯೂ ಅಷ್ಟೇ ಒರಟು. ಸೆನ್ಸರ್ ಬದಲಿಸಿದ ಮೇಲೆ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಮಿಲಿಮೀಟರಿನಲ್ಲಿ ಅಳೆದು ಹೊಂದಿಸಬೇಕು. ನಾಲ್ಕೂ ಚಕ್ರದ ಹಳೆಯ ಅಂಕಿಗಳನ್ನು ಚೀಟಿಯಲ್ಲಿ ಗೀಚಿಕೊಳ್ಳದೆ ಸೇವ್ ಒತ್ತಬೇಡಿ.