ಬೋನಸ್ಸಿನ ಓಟಿ ಎಷ್ಟು? ಆನ್‌ಲೈನ್ ಕ್ಯಾಸಿನೊ ಆ್ಯಪ್ ಎರಡು ವರ್ಷ ಬಳಸಿದ ಮೇಲೆ

ಸಿಟ್ಟು ಯಾವುದಕ್ಕೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಆ್ಯಪ್ ತೆರೆದರೆ ಎಲ್ಲ ಕನ್ನಡದಲ್ಲಿ. ‘ನಿಮಗಾಗಿ 100% ಬೋನಸ್’ ಎಂದು ದಪ್ಪ ಅಕ್ಷರ, ದುಡ್ಡು ಹಾಕುವ ಗುಂಡಿಯ ಮೇಲೂ ಕನ್ನಡ. ಬೋನಸ್ಸಿನ ಷರತ್ತುಗಳು ಮಾತ್ರ ಇಂಗ್ಲಿಷಿನಲ್ಲಿ, ತೀರಾ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಬೆರಳಲ್ಲಿ ಎಷ್ಟು ಸರಿಸಿದರೂ ಮುಗಿಯದ ಪುಟ. ನನಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿಯ ಗೋಡೌನೊಂದರಲ್ಲಿ ಹದಿನಾರು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಬಿಲ್ಲು, ಜಿಎಸ್‌ಟಿ ಎಲ್ಲ ನೋಡುವವನು ನಾನೇ. ಆದರೂ ಆ ಪುಟ ಓದಲಿಲ್ಲ. ಯಾರೂ ಓದಬಾರದು ಎಂದೇ ಅದನ್ನು ಹಾಗೆ ಇಟ್ಟಿದ್ದಾರೆ ಅನ್ನುವುದರಲ್ಲಿ ನನಗೀಗ ಅನುಮಾನವಿಲ್ಲ.

ಆ್ಯಪಿನ ಹೆಸರು ಬೇಡ. ಹೊರದೇಶದಿಂದ ನಡೆಯುವ ಇಂಥವು ಬೇಕಾದಷ್ಟಿವೆ, ಬೋನಸ್ಸಿನ ಅಚ್ಚು ಹೆಚ್ಚುಕಡಿಮೆ ಎಲ್ಲದಕ್ಕೂ ಒಂದೇ.

2023ರ ಜುಲೈ, ಆಷಾಢದ ಮಳೆ. ಆ ಹೊತ್ತಿನಲ್ಲಿ ಗೋಡೌನಿಗೆ ಮಾಲು ಬರುವುದು ಕಮ್ಮಿ, ಸಂಜೆ ಆರಕ್ಕೆಲ್ಲ ಮನೆ ಸೇರುತ್ತೇನೆ. ಊಟ ಆಗಿ, ಒಂಬತ್ತೂವರೆಗೆ ಇನ್ನೊಂದು ಲೋಟ ಕಾಫಿ ಬೆರೆಸಿಕೊಂಡು, ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ, ಪಕ್ಕದಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು, ಪೆನ್ನು. ಲೆಕ್ಕ ಬರೆಯುವ ಕೈ, ಬರೆಯದೆ ಇರಲು ಆಗುವುದಿಲ್ಲ: ತಾರೀಕು, ಆಟ, ಕಟ್ಟಿದ್ದು, ಬಂದದ್ದು. ಹೊರಗೆ ಶೀಟಿನ ಮೇಲೆ ಮಳೆ ಸುರಿಯುತ್ತಿದ್ದರೆ ಒಳಗೆ ಆ ಪರದೆಯಲ್ಲಿ ಒಬ್ಬಾಕೆ ನಿಧಾನವಾಗಿ ಎಲೆ ಹಾಕುತ್ತಿದ್ದಳು. ಅಂದರ್ ಬಾಹರ್. ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಮರದ ಕೆಳಗೆ ಟವೆಲ್ ಹಾಸಿ ದೊಡ್ಡವರು ಆಡುತ್ತಿದ್ದ ಅದೇ ಆಟ. ಆ ಅರ್ಧ ಗಂಟೆ ನನಗೆ ನಿಜವಾಗಿ ಇಷ್ಟವಾಗಿತ್ತು. ತಿಂಗಳಿಗೆ ಸಾವಿರ, ಮೊದಲ ತಿಂಗಳು ಮಾತ್ರ ಎರಡು ಸಾವಿರ ಎಂದು ಮನೆಯಲ್ಲಿ ಹೇಳಿಯೇ ಶುರು ಮಾಡಿದ್ದೆ.

ಈ ಆಟದ ಲೆಕ್ಕವೂ ಚೆಂದ. ನಡುವೆ ಒಂದು ಎಲೆ ತೆರೆದಿಟ್ಟು ಅಂದರ್, ಬಾಹರ್ ಎಂಬ ಎರಡು ಕಡೆಗೆ ಒಂದಾದ ಮೇಲೊಂದು ಎಲೆ ಹಾಕುತ್ತಾರೆ, ಅದೇ ಅಂಕಿಯ ಎಲೆ ಯಾವ ಕಡೆ ಮೊದಲು ಬೀಳುತ್ತದೋ ಆ ಕಡೆಗೆ ಗೆಲುವು. ಮೊದಲ ಎಲೆ ಅಂದರ್ ಕಡೆ ಬೀಳುವುದರಿಂದ ನೂರಕ್ಕೆ ಸುಮಾರು 51.5 ಸಲ ಗೆಲುವು ಅಂದರ್‌ಗೇ. ಅದನ್ನು ಸರಿಗಟ್ಟಲೆಂದೇ ಅಂದರ್ ಗೆದ್ದರೆ ನೂರಕ್ಕೆ ತೊಂಬತ್ತು, ಬಾಹರ್ ಗೆದ್ದರೆ ನೂರಕ್ಕೆ ನೂರು. ಎರಡನ್ನೂ ಕೂಡಿಸಿ ಕಳೆದು ನೋಡಿ: ಅಂದರ್‌ನಲ್ಲಿ ನೂರಕ್ಕೆ ಎರಡು ರೂಪಾಯಿ ಚಿಲ್ಲರೆ, ಬಾಹರ್‌ನಲ್ಲಿ ಮೂರು ರೂಪಾಯಿ ಕ್ಯಾಸಿನೊ ಪಾಲು. ಒಂದು ಆಟದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಸಾವಿರ ಆಟಕ್ಕೆ ಬೀಳುತ್ತದೆ.

ಈಗ ಬೋನಸ್ಸಿಗೆ ಬರುತ್ತೇನೆ. ಎರಡು ಸಾವಿರ ಹಾಕಿದೆ, ಅವರು ಎರಡು ಸಾವಿರ ಸೇರಿಸಿದರು, ಖಾತೆಯಲ್ಲಿ ನಾಲ್ಕು ಸಾವಿರ. ಪಕ್ಕದಲ್ಲೊಂದು ಹಸಿರು ಪಟ್ಟಿ ಸೊನ್ನೆಯಿಂದ ಶುರುವಾಯಿತು. ಐದನೆಯ ದಿನ ನೋಡಿದರೆ ಅದು ಒಂದು ಪರ್ಸೆಂಟೂ ದಾಟಿರಲಿಲ್ಲ. ಆಗ ಕೂತು ಆ ಬೂದು ಪುಟ ಓದಿದೆ.

35 ಪಟ್ಟು ವೇಜರಿಂಗ್ ಎಂದಿತ್ತು. ಅಂದರೆ ಅಷ್ಟು ಮೊತ್ತದ ಆಟ ಕಟ್ಟಿ ಮುಗಿಸುವ ತನಕ ದುಡ್ಡು ಹೊರಗೆ ಬರುವುದಿಲ್ಲ. ಅದೂ ಬೋನಸ್ಸಿನ 35 ಪಟ್ಟಲ್ಲ, ನಾನು ಹಾಕಿದ್ದೂ ಬೋನಸ್ಸೂ ಸೇರಿದ ನಾಲ್ಕು ಸಾವಿರದ 35 ಪಟ್ಟು. 1,40,000 ರೂಪಾಯಿ. ಮೂವತ್ತು ದಿನದೊಳಗೆ. ನಾನು ಇಷ್ಟಪಟ್ಟು ಆಡುತ್ತಿದ್ದ ಅಂದರ್ ಬಾಹರ್ ಅದರಲ್ಲಿ ಲೆಕ್ಕಕ್ಕೆ ಬರುವುದು ಹತ್ತು ಪರ್ಸೆಂಟು ಮಾತ್ರ. ನೂರು ಕಟ್ಟಿದರೆ ಪಟ್ಟಿಗೆ ಹತ್ತು ಸೇರುತ್ತದೆ. ಪೂರ್ತಿ ಲೆಕ್ಕಕ್ಕೆ ಬರುವುದು ಸ್ಲಾಟ್ ಒಂದೇ, ಆ ಹಣ್ಣಿನ ಚಿತ್ರ ತಿರುಗುವ ಯಂತ್ರ. ಒಂದು ಸಲಕ್ಕೆ ಇಪ್ಪತ್ತು ರೂಪಾಯಿಯಂತೆ ಆಡಿದರೆ ಏಳು ಸಾವಿರ ಸಲ ತಿರುಗಿಸಬೇಕು. ನಿಮಿಷಕ್ಕೆ ಹತ್ತು ಎಂದರೂ ಹನ್ನೊಂದೂಮುಕ್ಕಾಲು ಗಂಟೆಗೆ ಐದೇ ನಿಮಿಷ ಕಮ್ಮಿ.

ನಮ್ಮ ಕಾಫಿ ಕಡೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಐವತ್ತು ಕೆಜಿ ಮೂಟೆ ಬಂದರೆ ನಾವು ಬರೀ ತೂಕಕ್ಕೆ ದುಡ್ಡು ಕೊಡುತ್ತೇವಾ? ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ಓಟಿ (ಔಟ್‌ಟರ್ನ್, ಸಿಪ್ಪೆ ಹೋಗಿ ಉಳಿಯುವ ಬೇಳೆಯ ತೂಕ) ನೋಡುತ್ತೇವೆ. ಐವತ್ತರಲ್ಲಿ ಬೇಳೆ ಇಪ್ಪತ್ತಾರೋ ಇಪ್ಪತ್ತೆಂಟೋ, ರೇಟು ಅದರ ಮೇಲೆ. ಬೋನಸ್ಸಿಗೂ ಓಟಿ ಇದೆ, ತೆಗೆಯುವುದು ಸುಲಭ. ಸ್ಲಾಟ್‌ನ ಮಾಹಿತಿ ಪುಟದಲ್ಲಿ ಆರ್‌ಟಿಪಿ 96% ಎಂದು ಬರೆದಿರುತ್ತದೆ. ಅಂದರೆ ದೀರ್ಘ ಕಾಲದಲ್ಲಿ ನೂರು ಕಟ್ಟಿದರೆ ವಾಪಸ್ಸು ಬರುವುದು ತೊಂಬತ್ತಾರು, ನಾಲ್ಕು ಅವರಿಗೆ. 1,40,000ಕ್ಕೆ ನಾಲ್ಕು ಪರ್ಸೆಂಟು 5,600. ಅವರು ಕೊಟ್ಟದ್ದು ಎರಡು ಸಾವಿರ. ನನ್ನದನ್ನೂ ಸೇರಿಸಿದರೆ ನಾಲ್ಕು. ಸಿಪ್ಪೆ ಬಿಡಿಸಿದರೆ ಒಳಗೆ ಬೇಳೆಯೇ ಇಲ್ಲ.

ಇಷ್ಟು ಗೊತ್ತಾದ ಮೇಲೂ ಬಿಡಲಿಲ್ಲ, ಹಾಕಿದ ಎರಡು ಸಾವಿರ ಅದರೊಳಗೆ ಸಿಕ್ಕಿಕೊಂಡಿತ್ತು. ಅಂದರ್ ಬಾಹರ್ ಬಿಟ್ಟು ಸ್ಲಾಟಿಗೆ ಕೂತೆ. ಒಂದು ಗುಂಡಿ, ಅದೇ ಸದ್ದು, ಅದೇ ಚೆರಿಹಣ್ಣು. ‘ಏನ್ರೀ ಇದು, ಕೆಲಸಕ್ಕೆ ಹೋದ ಹಾಗೆ ಕೂರ್ತೀರಲ್ಲ’ ಎಂದಳು ಮನೆಯವಳು. ಹೌದು, ಕೆಲಸವೇ ಆಗಿತ್ತು. ಕಾಫಿ ಆರಿಹೋಗುತ್ತಿತ್ತು. ಖುಷಿಗೆಂದು ಇಟ್ಟುಕೊಂಡಿದ್ದ ಅರ್ಧ ಗಂಟೆಯನ್ನು ಬೋನಸ್ಸು ತಿಂದುಹಾಕಿತು. ದುಡ್ಡಿಗಿಂತ ಅದೇ ಹೆಚ್ಚು ನೋವು.

ಅದೃಷ್ಟ ಆ ಸಲ ನನ್ನ ಕಡೆಗಿತ್ತು. ಇಪ್ಪತ್ತಾರನೆಯ ದಿನ ಪಟ್ಟಿ ನೂರಕ್ಕೆ ಮುಟ್ಟಿದಾಗ ಖಾತೆಯಲ್ಲಿ 9,640 ರೂಪಾಯಿ. ವಾಪಸ್ಸು ತೆಗೆಯಲು ಒತ್ತಿದೆ. ಆಧಾರ್ ಕೇಳಿದರು, ಪ್ಯಾನ್ ಕೇಳಿದರು, ಕಾರ್ಡು ಕೈಯಲ್ಲಿ ಹಿಡಿದ ಫೋಟೊ ಕೇಳಿದರು. ಹಾಕುವಾಗ ಇದ್ಯಾವುದೂ ಬೇಕಿರಲಿಲ್ಲ. ಮೂರನೆಯ ದಿನ ಉತ್ತರ ಬಂತು: ಬೋನಸ್ ಚಾಲ್ತಿಯಲ್ಲಿರುವಾಗ ಒಂದು ಆಟಕ್ಕೆ 400 ರೂಪಾಯಿಗಿಂತ ಹೆಚ್ಚು ಕಟ್ಟುವಂತಿಲ್ಲ, ನೀವು ಕಟ್ಟಿದ್ದೀರಿ, ಗೆದ್ದದ್ದೆಲ್ಲ ರದ್ದು.

ನೋಟ್‌ಬುಕ್ ತೆಗೆದು ನೋಡಿದೆ. ‘17-7, ಅಂದರ್, 500, ಬಂತು 950.’ ಭೀಮನ ಅಮಾವಾಸ್ಯೆಯ ರಾತ್ರಿ. ಮನೆಯಲ್ಲಿ ಪೂಜೆ ಆಗಿ, ಹಬ್ಬದೂಟ ಆಗಿ, ಸ್ಲಾಟು ಬೇಸರವಾಗಿ ಒಂದೇ ಒಂದು ಸಲ ನನ್ನ ಇಷ್ಟದ ಆಟಕ್ಕೆ ಹೋಗಿದ್ದೆ. ಆ ಒಂದು ಸಾಲಿಗೆ 7,640 ಹೋಯಿತು, ನಾನು ಹಾಕಿದ್ದ ಎರಡು ಸಾವಿರ ಮಾತ್ರ ವಾಪಸ್ಸು ಬಂತು.

ನನ್ನ ದೂರು ನಿಯಮ ಇದ್ದದ್ದಕ್ಕಲ್ಲ. ಐದು ನೂರು ಕಟ್ಟಿದ ಕ್ಷಣ ಆ ಆ್ಯಪ್ ಅದನ್ನು ತಡೆಯಬಹುದಿತ್ತು. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ತಡೆಯುತ್ತದಲ್ಲ, ಹಾಗೆಯೇ. ತಡೆಯಲಿಲ್ಲ. ಸುಮ್ಮನೆ ತೆಗೆದುಕೊಂಡು, ಎರಡು ವಾರ ಆಡಲು ಬಿಟ್ಟು, ದುಡ್ಡು ಕೊಡಬೇಕಾದ ದಿನ ನೆನಪಿಸಿಕೊಂಡಿತು. ಸೋತಿದ್ದರೆ ಆ ಐದು ನೂರನ್ನು ನಿಯಮ ಮುರಿದದ್ದು ಎಂದು ಯಾರೂ ವಾಪಸ್ಸು ಕೊಡುತ್ತಿರಲಿಲ್ಲ. ಇದು ಮೋಸ. ಬೇರೆ ಪದ ನನ್ನ ಹತ್ತಿರ ಇಲ್ಲ.

ಅಲ್ಲಿಂದ ಮುಂದೆ ದುಡ್ಡು ಹಾಕುವಾಗಲೆಲ್ಲ ‘ಬೋನಸ್ ಬೇಡ’ ಎಂಬ ಚೌಕಕ್ಕೆ ಗುರುತು ಹಾಕುತ್ತಿದ್ದೆ. ಆ ಚೌಕ ಇದೆ, ಹುಡುಕಬೇಕು. ಬೋನಸ್ಸಿಲ್ಲದ ದುಡ್ಡಿಗೆ ಪಟ್ಟಿಯಿಲ್ಲ, 35 ಪಟ್ಟಿಲ್ಲ, ನನ್ನ ಅಂದರ್ ಬಾಹರ್ ನನಗೆ ವಾಪಸ್ಸು ಸಿಕ್ಕಿತು. ಉಚಿತ ಸ್ಪಿನ್ನುಗಳನ್ನು ಒಮ್ಮೆ ನೋಡಿದೆ: ಐವತ್ತು ಸಲ ಪುಕ್ಕಟೆ ತಿರುಗಿಸಿ ಗೆದ್ದ 180 ರೂಪಾಯಿಯೂ ಬೋನಸ್ ಖಾತೆಗೇ ಬಿತ್ತು, ಅದಕ್ಕೂ ಬೇರೆ ವೇಜರಿಂಗ್. ಕೆಲವು ಬೋನಸ್ಸಿನಲ್ಲಿ ಕಡೆಯವರೆಗೂ ಬೋನಸ್ ಮೊತ್ತ ಕೈಗೆ ಬರುವುದೇ ಇಲ್ಲ, ಅದರ ಮೇಲೆ ಗೆದ್ದದ್ದು ಮಾತ್ರ. ಕಟ್ಟುವುದಕ್ಕೆ ಮುಂಚೆ ಆ ಒಂದು ಸಾಲು ಹುಡುಕಿ ಓದದೆ ಯಾರೂ ಮುಂದೆ ಹೋಗಬಾರದು.

ಹಾಸನದಲ್ಲಿರುವ ನನ್ನ ಗೆಳೆಯ ಆಡುತ್ತಿದ್ದದ್ದು ನಮ್ಮ ದೇಶದ ರಮ್ಮಿ ಆ್ಯಪ್. 2023ರ ಅಕ್ಟೋಬರ್ 1ರಿಂದ ಹಾಕಿದ ಪೂರ್ತಿ ದುಡ್ಡಿಗೆ 28% ಜಿಎಸ್‌ಟಿ ಬಂದಾಗ ಅವನು ನೂರು ಹಾಕಿದರೆ ಆಟಕ್ಕೆ ಸಿಗುತ್ತಿದ್ದದ್ದು 78 ರೂಪಾಯಿ ಚಿಲ್ಲರೆ. ಕಮ್ಮಿಯಾದ 22ನ್ನು ಬೋನಸ್ ಎಂದು ಸೇರಿಸಿ ಪರದೆಯಲ್ಲಿ ಮತ್ತೆ ನೂರು ತೋರಿಸುತ್ತಿದ್ದರು. ‘ನಂದು ನೂರು ನೂರಾಗೇ ಇದೆಯಲ್ಲ’ ಅನ್ನುತ್ತಿದ್ದ. ನೂರಾಗಿ ಇರಲಿಲ್ಲ, 78 ಅವನದು, 22 ಷರತ್ತಿನದು. ಗೆದ್ದ ನಿವ್ವಳ ಮೊತ್ತಕ್ಕೆ 30% ಟಿಡಿಎಸ್ ಬೇರೆ, 2023ರ ಏಪ್ರಿಲ್‌ನಿಂದ.

2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ ಆಡುವ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಅದಕ್ಕೆ ಜಾಹೀರಾತು ಕೊಟ್ಟರೂ ಶಿಕ್ಷೆ. ಬ್ಯಾಂಕುಗಳು ಆ ದುಡ್ಡು ಸಾಗಿಸುವಂತಿಲ್ಲ. ಗೆಳೆಯನ ರಮ್ಮಿ ನಿಂತಿತು, ನಾನೂ ಆ ವಾರವೇ ನಿಲ್ಲಿಸಿದೆ. ಪಣ ಕಟ್ಟುವ ಅದೃಷ್ಟದಾಟಕ್ಕೆ ನಮ್ಮ ರಾಜ್ಯದ ಕಾನೂನು ಅದಕ್ಕೂ ಮುಂಚೆ ಒಪ್ಪುತ್ತಿರಲಿಲ್ಲ, ಅದು ನನಗೆ ಗೊತ್ತಿರಬೇಕಿತ್ತು. ಇನ್ನೊಂದು ಭಯವೂ ಒಳಗೆ ಇತ್ತು: ದುಡ್ಡು ಹಾಕುವಾಗ ಪ್ರತಿ ಸಲ ಬೇರೆ ಬೇರೆ ಯಾರದೋ ಯುಪಿಐ ಹೆಸರು, ವಾಪಸ್ಸು ಬರುವಾಗಲೂ ಗುರುತಿಲ್ಲದವರ ಖಾತೆಯಿಂದ. ಆ ಖಾತೆಯ ಮೇಲೆ ಎಲ್ಲೋ ಸೈಬರ್ ದೂರು ಇದ್ದರೆ ನಮ್ಮ ಸಂಬಳದ ಖಾತೆಯನ್ನೂ ಬ್ಯಾಂಕು ತಡೆಹಿಡಿಯಬಹುದು.

ಇಪ್ಪತ್ತಾರು ತಿಂಗಳಲ್ಲಿ ಹಾಕಿದ್ದು 27,000, ಕೈಗೆ ಬಂದದ್ದು 9,200. ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತವಲ್ಲ.

ಹೋದ ತಿಂಗಳು ಅಕ್ಕನ ಮಗ ಗೋಡೌನಿಗೆ ಬಂದಿದ್ದ. ಫೋನು ಮುಂದೆ ಹಿಡಿದು ‘ಮಾವ, ಇದು ನೋಡಿ, ಸಾವಿರ ಹಾಕಿದ್ರೆ ಐದು ಸಾವಿರ ಕೊಡ್ತಾರಂತೆ’ ಎಂದ. ಟೆಲಿಗ್ರಾಂನಲ್ಲಿ ಬಂದ ಸಂದೇಶ. ನಿಯಮದ ಕೊಂಡಿ ಒತ್ತಿ, ಕೆಳಗೆ ಸರಿಸಿ ಸರಿಸಿ 50 ಪಟ್ಟು ಎಂಬುದನ್ನು ಹುಡುಕಿ ತೋರಿಸಿದೆ. ಮೇಜಿನ ಮೇಲಿದ್ದ ತೂಕದ ಚೀಟಿಯ ಹಿಂದೆ ಬರೆದೆ: 6,000 ಗುಣಿಸು 50, ಮೂರು ಲಕ್ಷ. ನಾಲ್ಕು ಪರ್ಸೆಂಟು, ಹನ್ನೆರಡು ಸಾವಿರ. ಅವನು ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿ, ಸಂದೇಶ ಅಳಿಸಿ, ಚೀಟಿ ಮಡಚಿ ಜೇಬಿಗಿಟ್ಟುಕೊಂಡ.

‘ನಿಮ್ಮದರಲ್ಲಿ ಈಗ ಏನೂ ಇಲ್ವಾ ಮಾವ?’ ಎಂದು ಕೇಳಿದ. ಇದೆ. ಕಡೆಯ ದಿನ ನೋಡಿದಾಗ 340 ರೂಪಾಯಿ ಇತ್ತು. ವಾಪಸ್ಸು ತೆಗೆಯಲು ಕನಿಷ್ಠ ಒಂದು ಸಾವಿರ ಇರಬೇಕು.