ಫ್ರೆಡ್ ಕ್ಯಾಪ್ಲನ್ ಅವರ ಯುದ್ಧ ಅಂಕಣ: ಹಳೆಯ ಓದುಗನ ಅಭಿಪ್ರಾಯ

ಅಮೆರಿಕದ ಸೇನೆ, ವಿದೇಶ ನೀತಿ ಬಗ್ಗೆ ಬರೆಯುವವರಿಗೆ ಬರವಿಲ್ಲ. ಅವರಲ್ಲಿ ನಾನು ವರ್ಷಗಟ್ಟಲೆ ಬಿಡದೆ ಓದಿಕೊಂಡು ಬಂದಿರುವುದು ಸ್ಲೇಟ್ ಪತ್ರಿಕೆಯ ಫ್ರೆಡ್ ಕ್ಯಾಪ್ಲನ್ ಅವರನ್ನು. ಅಂಕಣದ ಹೆಸರು 'ವಾರ್ ಸ್ಟೋರೀಸ್'. ಎಂಐಟಿಯಲ್ಲಿ ಪಿಎಚ್‌ಡಿ ಮಾಡಿದವರು, ಬಾಸ್ಟನ್ ಗ್ಲೋಬ್ ಪತ್ರಿಕೆಗೆ ಮಾಸ್ಕೋದಿಂದ ವರದಿ ಮಾಡಿದವರು. ಜಾಝ್ ಸಂಗೀತದ ಬಗ್ಗೆಯೂ ಬರೆಯುತ್ತಾರೆ, ಅದು ಬೇರೆ ಮಾತು.

ಇವರನ್ನು ಯಾಕೆ ಓದಬೇಕು? ನಾಯಕರು ಏನು ಹೇಳಿದರು ಎನ್ನುವುದಕ್ಕಿಂತ ದುಡ್ಡು ಎಲ್ಲಿಗೆ ಹೋಯಿತು ಎಂದು ಮೊದಲು ನೋಡುತ್ತಾರೆ, ಅದಕ್ಕೆ.

ರಕ್ಷಣಾ ಬಜೆಟ್ ಬಂದಾಗ ಸುದ್ದಿಯಲ್ಲಿ ಒಟ್ಟು ಮೊತ್ತ ಎಷ್ಟು ಎಂಬ ಒಂದೇ ಮಾತು. ಕ್ಯಾಪ್ಲನ್ ಒಳಗಿನ ಹಂಚಿಕೆ ಬಿಡಿಸಿ ತೋರಿಸುತ್ತಾರೆ. ಭೂಸೇನೆ, ನೌಕಾಪಡೆ, ವಾಯುಪಡೆ, ಮೂರಕ್ಕೂ 1960ರ ದಶಕದಿಂದ ಹೆಚ್ಚು ಕಡಿಮೆ ಸಮ ಪಾಲು ಹೋಗುತ್ತಾ ಬಂದಿದೆ ಎಂದು ಅವರು ಮತ್ತೆ ಮತ್ತೆ ಬರೆದಿದ್ದಾರೆ. ಅಷ್ಟರಲ್ಲಿ ವಿಯೆಟ್ನಾಂ ಮುಗಿಯಿತು, ಸೋವಿಯತ್ ಒಕ್ಕೂಟ ಹೋಯಿತು, ಚೀನಾ ಎದ್ದು ನಿಂತಿತು. ಶತ್ರು ಬದಲಾದರೂ ಪಾಲು ಬದಲಾಗಲಿಲ್ಲ! ಜಗಳ ಬೇಡವೆಂದು ಅಣ್ಣತಮ್ಮಂದಿರು ಗದ್ದೆಯನ್ನು ಸಮವಾಗಿ ಹಂಚಿಕೊಂಡ ಹಾಗೆ. ನಿಜವಾಗಿಯೂ ಒಂದು ಕಾರ್ಯತಂತ್ರ ಇದ್ದಿದ್ದರೆ ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಡಿಮೆ ಆಗಲೇಬೇಕಿತ್ತು ಅಲ್ವಾ?

ಇದನ್ನು ತಿಳಿದ ಮೇಲೆ ಸುದ್ದಿ ಓದುವ ರೀತಿಯೇ ಬೇರೆ ಆಯಿತು. ನೆಲದೊಳಗಿನ ಗುಂಡಿಗಳಲ್ಲಿರುವ 400 ಮಿನಿಟ್‌ಮನ್ ಅಣ್ವಸ್ತ್ರ ಕ್ಷಿಪಣಿಗಳನ್ನು ತೆಗೆದು 'ಸೆಂಟಿನೆಲ್' ಎಂಬ ಹೊಸದನ್ನು ಇಡುವ ಯೋಜನೆ ಅಮೆರಿಕದ ವಾಯುಪಡೆಯದು. 2024ರ ಜುಲೈನಲ್ಲಿ ಅದರ ವೆಚ್ಚ ಶೇ 81ರಷ್ಟು ಏರಿ ಸುಮಾರು 141 ಶತಕೋಟಿ ಡಾಲರ್ ಮುಟ್ಟಿದೆ ಎಂದು ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ನೇ ಹೇಳಿತು. ಆದರೂ ನಿಲ್ಲಿಸಲಿಲ್ಲ. ಜಲಾಂತರ್ಗಾಮಿಗಳಲ್ಲಿ ಅಣ್ವಸ್ತ್ರ ಇದೆ, ಬಾಂಬರ್ ವಿಮಾನಗಳಲ್ಲೂ ಇದೆ. ನೆಲದ ಮೇಲೂ ಯಾಕೆ ಬೇಕು, ಯಾರಿಗೆ ಬೇಕು? ಈ ಪ್ರಶ್ನೆ ನನಗೆ ತಕ್ಷಣ ಹೊಳೆದದ್ದು ಅವರನ್ನು ಓದಿದ್ದರಿಂದಲೇ.

ಅಣ್ವಸ್ತ್ರದ ವಿಷಯದಲ್ಲಿ ಅವರಷ್ಟು ಆಳಕ್ಕೆ ಇಳಿದವರು ಕಡಿಮೆ. ಅವರ 1983ರ ಪುಸ್ತಕದಲ್ಲಿ ಒಂದು ಸಭೆಯ ವಿವರ ಬರುತ್ತದೆ. ಯುದ್ಧ ಶುರುವಾದರೆ ಸೋವಿಯತ್ ಒಕ್ಕೂಟದ ಜೊತೆ ಚೀನಾದ ಮೇಲೂ ಅಣುಬಾಂಬ್ ಹಾಕುವ ಅಮೆರಿಕದ ಯೋಜನೆ 1960ರ ಕೊನೆಗೆ ಸಿದ್ಧವಾಗಿತ್ತು. ಚೀನಾ ಯುದ್ಧಕ್ಕೆ ಇಳಿಯದಿದ್ದರೂ ಸರಿ! ದೊಡ್ಡ ದೊಡ್ಡ ಅಧಿಕಾರಿಗಳು ಕೂತಿದ್ದ ಸಭೆಯಲ್ಲಿ ಎದ್ದು ನಿಂತು ಇದು ತಪ್ಪು ಎಂದವರು ಮರೀನ್ ಪಡೆಯ ಮುಖ್ಯಸ್ಥ ಡೇವಿಡ್ ಶೂಪ್. ಆ ಪುಟ ಓದಿದಾಗ ಮೈ ಜುಮ್ಮೆಂದಿತ್ತು.

ಇರಾಕ್, ಅಫ್ಘಾನಿಸ್ತಾನದ ಬರಹಗಳೂ ಗಟ್ಟಿ. 2003ರ ಮೇ ತಿಂಗಳಲ್ಲಿ, ಇರಾಕಿನ ಆಡಳಿತಕ್ಕೆ ಅಮೆರಿಕ ನೇಮಿಸಿದ್ದ ಪಾಲ್ ಬ್ರೆಮರ್ ಇರಾಕ್ ಸೇನೆಯನ್ನು ವಿಸರ್ಜಿಸಿದರು. ಲಕ್ಷಾಂತರ ಜನ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದರು, ಕೈಯಲ್ಲಿ ಬಂದೂಕು ಇತ್ತು. ಮುಂದೆ ಬಂಡಾಯ ಎದ್ದದ್ದರಲ್ಲಿ ಆಶ್ಚರ್ಯವೇನಿದೆ? ಆ ಬಂಡಾಯ ಅಡಗಿಸಲು ಅಮೆರಿಕದ ಸೇನಾ ಜನರಲ್ ಡೇವಿಡ್ ಪೆಟ್ರಾಯಸ್ ಮುಂದಾಳತ್ವದಲ್ಲಿ 2006ರ ಡಿಸೆಂಬರ್‌ನಲ್ಲಿ ಹೊಸ ಕೈಪಿಡಿ ಬಂತು. ಜನರನ್ನು ಕಾಯಿರಿ, ಅವರ ನಂಬಿಕೆ ಗಳಿಸಿ ಎನ್ನುವುದು ಅದರ ತಿರುಳು. ಅದು ನಡೆಯಬೇಕಾದರೆ ಜನ ನಂಬುವಂಥ ಸರ್ಕಾರವೂ ಅಲ್ಲಿರಬೇಕು. 2009ರ ಡಿಸೆಂಬರ್‌ನಲ್ಲಿ ಒಬಾಮಾ ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳಿಸುವುದಾಗಿ ಹೇಳಿದರು. ಆದರೆ ಕಾಬೂಲ್‌ನ ಸರ್ಕಾರ ಲಂಚದಲ್ಲಿ ಮುಳುಗಿತ್ತು. ಕ್ಯಾಪ್ಲನ್ ಕೈ ಇಟ್ಟು ತೋರಿಸಿದ್ದು ಇದೇ ಜಾಗವನ್ನು. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲ್‌ಗೆ ನುಗ್ಗಿದಾಗ ಅವರ ಹಳೆಯ ಓದುಗರಿಗೆ ದುಃಖ ಆಗಿರಬಹುದು, ಅಚ್ಚರಿಯಂತೂ ಆಗಿರಲಿಕ್ಕಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು 2004ರ ಅಕ್ಟೋಬರ್‌ನ ಲೇಖನಕ್ಕಾಗಿ. ಸಂಶೋಧಕರು ಇರಾಕಿನ ಮನೆ ಮನೆಗೆ ಹೋಗಿ ಕೇಳಿ, ಯುದ್ಧದಿಂದ ಸುಮಾರು 98,000 ಜನ ಹೆಚ್ಚುವರಿಯಾಗಿ ಸತ್ತಿದ್ದಾರೆ ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಂದಾಜು ಪ್ರಕಟಿಸಿದ್ದರು. 8,000ದಿಂದ 1,94,000ದವರೆಗೆ ಇರಬಹುದು ಎಂದೂ ಹೇಳಿದ್ದರು. ಇಷ್ಟು ಅಂತರ ಇದ್ದರೆ ಅಂದಾಜಿಗೆ ಅರ್ಥವೇ ಇಲ್ಲ ಎಂದು ಕ್ಯಾಪ್ಲನ್ ತಳ್ಳಿಹಾಕಿದರು. ಇದು ಸರಿಯಲ್ಲ. ಎರಡು ತುದಿಯ ಸಂಖ್ಯೆ ನಿಜವಾಗುವ ಸಾಧ್ಯತೆ ತೀರಾ ಕಡಿಮೆ, ನಡುವಿನದಕ್ಕೆ ಜಾಸ್ತಿ. ಸಂಖ್ಯಾಶಾಸ್ತ್ರ ಬಲ್ಲವರು ಆಗಲೇ ಇದನ್ನು ಹೇಳಿದ್ದರು. ಬಜೆಟ್‌ನ ಒಂದೊಂದು ಸಾಲನ್ನೂ ಬಿಡದೆ ಓದುವ ಮನುಷ್ಯ ಸತ್ತವರ ಲೆಕ್ಕದಲ್ಲಿ ಅಷ್ಟು ಅವಸರ ಮಾಡಬಾರದಿತ್ತು. ನನಗೆ ಈಗಲೂ ಇದು ನೋವಿನ ವಿಷಯ.

ಇನ್ನೊಂದು ಕೊರತೆ. ಅವರ ಬರಹದಲ್ಲಿ ಯುದ್ಧ ಕಾಣುವುದು ವಾಷಿಂಗ್ಟನ್‌ನ ಕಿಟಕಿಯಿಂದ. 1990ರಲ್ಲಿ ಸದ್ದಾಂ ಕುವೈತ್‌ಗೆ ನುಗ್ಗಿದಾಗ ಅಮ್ಮಾನ್ ದಾರಿ ಹಿಡಿದು ಏರ್ ಇಂಡಿಯಾ ವಿಮಾನ ಹತ್ತಿದವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಗಲ್ಫ್‌ನಲ್ಲಿ ದುಡಿಯುವ ಇಂಥವರ ಬದುಕು ಅಲ್ಲಿ ಸಿಗುವುದಿಲ್ಲ. ಭಾರತದ ಪ್ರಸ್ತಾಪವೂ ಕಡಿಮೆಯೇ. ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್‌ಗೆ ಎಂಜಿನ್ ಬರುವುದು ಅಮೆರಿಕದಿಂದ. ಅಲ್ಲಿನ ತೀರ್ಮಾನ ಇಲ್ಲಿಗೆ ಹೇಗೆ ತಟ್ಟುತ್ತದೆ ಎಂದು ತಿಳಿಯಲು ಇಲ್ಲಿನ ಪತ್ರಿಕೆಗಳನ್ನೇ ಜೊತೆಗಿಟ್ಟುಕೊಳ್ಳಬೇಕು.

ವಿಮಾನದ ವೇಗ, ಕ್ಷಿಪಣಿಯ ದೂರ ಹುಡುಕುವವರಿಗೆ ಈ ಅಂಕಣ ಹಿಡಿಸಲಿಕ್ಕಿಲ್ಲ. ಉಳಿದವರು ಸುಮ್ನೆ ಇತ್ತೀಚಿನ ಒಂದು ಲೇಖನ ತೆಗೆದು ಓದಿ. ಇಂಗ್ಲಿಷ್ ಸರಳವಾಗಿದೆ. ರುಚಿ ಹತ್ತಿದರೆ ಪೆಟ್ರಾಯಸ್ ಮತ್ತು ಅವರ ಗುಂಪಿನ ಬಗ್ಗೆ 2013ರಲ್ಲಿ ಬರೆದ ಪುಸ್ತಕಕ್ಕೆ ಹೋಗಿ. ಅಣ್ವಸ್ತ್ರದ ಪುಸ್ತಕ ದಪ್ಪ ಇದೆ, ಅದನ್ನು ರಜೆಗೆ ಇಟ್ಟುಕೊಳ್ಳಿ.