ಮಿಕ್ಸರ್ ಮನೆಗೆ ಬಂತು, ದುಡ್ಡು ಬರಲಿಲ್ಲ

ದೀಪಾವಳಿಗೆ ಮೂರು ವಾರ ಇರುವಾಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜು: ‘ಹಾಯ್ ಮೇಡಂ, ನಿಮ್ಮ ರೆಸಿಪಿ ಪೇಜ್ ತುಂಬಾ ಇಷ್ಟ ಆಯ್ತು. ನಮ್ಮ ಕ್ಲೈಂಟ್ ಜೊತೆ ಒಂದು ಕೊಲ್ಯಾಬ್ ಮಾಡೋಣ್ವಾ?’ ಕ್ಲೈಂಟ್ ಎಂದರೆ ಒಂದು ಮಿಕ್ಸರ್ ಗ್ರೈಂಡರ್ ಕಂಪನಿ. ಮೆಸೇಜ್ ಕಳಿಸಿದ್ದು ಅದರ ಪ್ರಚಾರ ನೋಡಿಕೊಳ್ಳುವ ಪಿಆರ್ ಏಜೆನ್ಸಿಯ ಎಕ್ಸಿಕ್ಯೂಟಿವ್. ಕನ್ನಡದಲ್ಲಿ ಅಡುಗೆ ಬ್ಲಾಗ್ ನಡೆಸುವ ಆಕೆ ಫೋನಿನಲ್ಲೇ ಒಪ್ಪಿಕೊಂಡರು. ಒಂದು ರೀಲ್, ಮೂರು ಸ್ಟೋರಿ, ಒಂದು ಬ್ಲಾಗ್ ಬರಹಕ್ಕೆ 18,000 ರೂಪಾಯಿ, ಜೊತೆಗೆ ಮಿಕ್ಸರ್. ಮಿಕ್ಸರ್ ಎರಡೇ ದಿನಕ್ಕೆ ಬಂತು. ರೀಲನ್ನು ಮೂರು ಸಲ ಮತ್ತೆ ಶೂಟ್ ಮಾಡಿಸಿದರು. ನರಕ ಚತುರ್ದಶಿಯ ಹಿಂದಿನ ರಾತ್ರಿ ಹನ್ನೊಂದಕ್ಕೆ ‘ಮೇಡಂ, ಈಗ್ಲೇ ಹಾಕ್ಬಿಡಿ’ ಎಂದು ಫೋನು. ಹಾಕಿದರು. ಇನ್‌ವಾಯ್ಸ್ ಕಳಿಸಿದ ಮೇಲೆ ಬಂದ ಉತ್ತರ, ‘ಕ್ಲೈಂಟ್ ಕಡೆಯಿಂದ ಬಂದ ತಕ್ಷಣ’. ಸಂಕ್ರಾಂತಿ ಹೊತ್ತಿಗೆ ಎಕ್ಸಿಕ್ಯೂಟಿವ್ ಕೆಲಸ ಬಿಟ್ಟಾಗಿತ್ತು. ಯುಗಾದಿ ಹೊತ್ತಿಗೆ ಹಣ ಬಂದಿರಲಿಲ್ಲ, ಆದರೆ ಅದೇ ರೀಲ್ ಕಂಪನಿಯ ಜಾಹೀರಾತಾಗಿ ಓಡುತ್ತಿತ್ತು.

ಏಜೆನ್ಸಿ ನಕಲಿಯಲ್ಲ, ಬ್ರ್ಯಾಂಡೂ ನಕಲಿಯಲ್ಲ. ಎಲ್ಲರೂ ಕೊನೆಯವರೆಗೆ ‘ಮೇಡಂ’ ಎಂದೇ ಮಾತಾಡಿಸಿದ್ದಾರೆ. ಆದರೆ ಯಾರೂ ಏನನ್ನೂ ಬರೆದುಕೊಟ್ಟಿಲ್ಲ. ಈ ವೃತ್ತಿಯಲ್ಲಿ ಸೌಜನ್ಯ ಅಂದರೆ ಇಮೋಜಿ ಹಾಕಿ ಮಾತಾಡುವುದಲ್ಲ, ಆಡಿದ ಮಾತನ್ನು ಇಮೇಲಿನಲ್ಲಿ ಬರೆದು ಕಳಿಸುವುದು.

ಫೋನ್ ಇಟ್ಟ ಅರ್ಧ ಗಂಟೆಯೊಳಗೆ ಒಂದು ಇಮೇಲ್ ಹೋಗಬೇಕಿತ್ತು. ಅದೂ ಯಾರದೋ ಜಿಮೇಲಿಗಲ್ಲ, ಏಜೆನ್ಸಿಯ ಸ್ವಂತ ಡೊಮೇನಿನ ವಿಳಾಸಕ್ಕೆ. ಇಷ್ಟು ಬರೆದರೆ ಸಾಕು: ‘ಇಂದು ಮಾತಾಡಿದಂತೆ, 60 ಸೆಕೆಂಡಿನ ಒಂದು ರೀಲ್, ಮೂರು ಸ್ಟೋರಿ, 600 ಪದಗಳ ಒಂದು ಬ್ಲಾಗ್ ಬರಹ. ಸಂಭಾವನೆ 18,000 ರೂ., ಮಿಕ್ಸರ್ ನನ್ನಲ್ಲೇ ಉಳಿಯುತ್ತದೆ. ಸ್ಕ್ರಿಪ್ಟಿಗೆ ಒಂದು ಸಲ, ಎಡಿಟ್ ಆದ ರೀಲಿಗೆ ಒಂದು ಸಲ ತಿದ್ದುಪಡಿ. ಆಮೇಲಿನ ಪ್ರತಿ ರೀಶೂಟಿಗೆ 3,000 ರೂ. ರೀಲ್ ನನ್ನ ಪೇಜಿನಲ್ಲಿ ಮಾತ್ರ. ಜಾಹೀರಾತಾಗಿ ಬಳಸುವುದಾದರೆ ದರ ಬೇರೆ. ಪೋಸ್ಟ್ ಆದ 30 ದಿನದೊಳಗೆ ಹಣ. ಒಪ್ಪಿಗೆಯಿದ್ದರೆ ಇದಕ್ಕೇ ಉತ್ತರ ಬರೆಯಿರಿ, ಆಮೇಲೆ ಮನೆ ವಿಳಾಸ ಕಳಿಸುತ್ತೇನೆ.’

ಆ ಕೊನೆಯ ವಾಕ್ಯವನ್ನು ಬಿಡಬೇಡಿ. ಪಾರ್ಸೆಲ್ ಬಾಗಿಲಿಗೆ ಬಂದ ಗಳಿಗೆಯಿಂದ ಬ್ಲಾಗರ್‌ಗೆ ಋಣ ಹತ್ತಿದಂತಾಗುತ್ತದೆ, ಕಟ್ಟುನಿಟ್ಟಾಗಿ ಮಾತಾಡಲು ಸಂಕೋಚ. ಏಜೆನ್ಸಿಯವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರು ಮೊದಲು ಕೇಳುವುದು ದರವನ್ನಲ್ಲ, ವಿಳಾಸ ಮತ್ತು ಪಿನ್‌ಕೋಡನ್ನು.

ಅದೇ ಇಮೇಲಿನಲ್ಲಿ ಬಿಲ್ ಯಾರ ಹೆಸರಿಗೆ ಎಂಬುದನ್ನೂ ಕೇಳಿ. ಏಜೆನ್ಸಿ ಹೆಸರಿಗಾದರೆ ಹಣ ಕೊಡಬೇಕಾದವರು ಏಜೆನ್ಸಿಯವರು. ಬ್ರ್ಯಾಂಡಿನಿಂದ ಅವರಿಗೆ ಬಂತೋ ಇಲ್ಲವೋ ಅದು ಅವರಿಬ್ಬರ ಲೆಕ್ಕ. ಬ್ರ್ಯಾಂಡ್ ಹೆಸರಿಗಾದರೆ ವೆಂಡರ್ ರಿಜಿಸ್ಟ್ರೇಷನ್ ಫಾರ್ಮ್, ಪ್ಯಾನ್, ಕ್ಯಾನ್ಸಲ್ಡ್ ಚೆಕ್, ಪಿಒ (ಪರ್ಚೇಸ್ ಆರ್ಡರ್, ಅಂದರೆ ಕಂಪನಿಯ ಖರೀದಿ ಆದೇಶ) ನಂಬರ್ ಎಲ್ಲ ಬೇಕಾಗುತ್ತದೆ. ಪಿಒ ಇಲ್ಲದ ಬಿಲ್ಲು ದೊಡ್ಡ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಮುಂದಕ್ಕೆ ಹೋಗುವುದೇ ಇಲ್ಲ, ಮತ್ತು ಅದು ನಿಂತಿದೆ ಎಂದು ನಿಮಗೆ ಯಾರೂ ಹೇಳುವುದೂ ಇಲ್ಲ. ಶೂಟ್ ಮಾಡುವ ಮೊದಲೇ ಪಿಒ ಕೇಳಿ ಪಡೆಯಿರಿ.

ಇನ್ನು ರೀಶೂಟು. ಸ್ಕ್ರಿಪ್ಟ್ ಒಪ್ಪಿದ್ದು ಎಕ್ಸಿಕ್ಯೂಟಿವ್. ಬ್ರ್ಯಾಂಡಿನ ಮಾರ್ಕೆಟಿಂಗ್‌ನವರು ನೋಡಿದ್ದು ಮುಗಿದ ರೀಲನ್ನೇ. ಮೊದಲ ಸಲ ಹಿಂದಿನ ಒಲೆಯ ಮೇಲೆ ಬೇರೆ ಕಂಪನಿಯ ಕುಕ್ಕರ್ ಕಾಣುತ್ತಿದೆ ಅಂದರು. ಎರಡನೆಯ ಸಲ ಲೋಗೊ ಕ್ಯಾಮೆರಾ ಕಡೆಗಿಲ್ಲ. ಮೂರನೆಯ ಸಲ ‘750 ವ್ಯಾಟ್’ ಎಂಬ ಮಾತು ಮೊದಲ ಐದು ಸೆಕೆಂಡಿನೊಳಗೆ ಬರಬೇಕು. ಮೂರೂ ಬ್ರೀಫಿನಲ್ಲಿ, ಅಂದರೆ ಕೆಲಸದ ಸೂಚನೆಯಲ್ಲಿ, ಮೊದಲೇ ಬರೆಯಬಹುದಾಗಿದ್ದ ಮಾತು. ಹಾಗಾಗಿ ‘ಸ್ಕ್ರಿಪ್ಟನ್ನು ಕ್ಲೈಂಟ್ ಒಪ್ಪಿದ್ದಾರೆ’ ಎಂಬ ಒಂದು ಸಾಲು ಇಮೇಲಿನಲ್ಲಿ ಬರುವ ತನಕ ತೆಂಗಿನಕಾಯಿ ಒಡೆಯಬೇಡಿ. ಕನ್ನಡದವರಿಗೆ ಇನ್ನೊಂದು ಬಿಟ್ಟಿ ಚಾಕರಿ ಕಾದಿರುತ್ತದೆ. ಮುಂಬೈ, ದೆಹಲಿಯ ಏಜೆನ್ಸಿಗಳಿಂದ ಬರುವ ಕ್ಯಾಪ್ಷನ್ನುಗಳು ಯಂತ್ರ ಅನುವಾದಿಸಿದವು. ‘ಈ ಮಿಕ್ಸರ್ ನಿಮ್ಮ ಅಡುಗೆಮನೆಯನ್ನು ಮೇಲಕ್ಕೆತ್ತುತ್ತದೆ’ ಎಂದಿದ್ದರೆ ಅದನ್ನು ಕೆಳಗಿಳಿಸುವ ಕೆಲಸ ನಿಮ್ಮದು. ‘ಸ್ವಲ್ಪ ನೋಡ್ಬಿಡಿ ಮೇಡಂ’ ಅನ್ನುವುದು ಅನುವಾದದ ಕೆಲಸವೇ. ಅದಕ್ಕೂ ದರ ಹೇಳಿ. ‘ರೀಜನಲ್ ಬಜೆಟ್ ಇಷ್ಟೇ’ ಎಂದು ಉತ್ತರ ಬಂದರೆ, ಬಜೆಟ್ಟಿಗೆ ತಕ್ಕಂತೆ ಸ್ಟೋರಿ ಒಂದು ಕಡಿಮೆ ಮಾಡಿ, ದರವನ್ನಲ್ಲ.

ಎಲ್ಲಕ್ಕಿಂತ ದೊಡ್ಡ ಏಟು ಬೀಳುವುದು ಹಕ್ಕಿನ ವಿಷಯದಲ್ಲಿ. ‘ನಾನು ತೆಗೆದ ವಿಡಿಯೊ, ಅದು ನನ್ನದೇ’ ಎಂದು ಬಹಳ ಜನ ನಂಬಿದ್ದಾರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮು ಬೇರೆ ಮಾತು ಹೇಳುತ್ತದೆ. ಪ್ರತಿಫಲ ಪಡೆದು, ಇನ್ನೊಬ್ಬರು ಹೇಳಿ ಮಾಡಿಸಿದ ಫೋಟೊ ಅಥವಾ ವಿಡಿಯೊ ಆದರೆ, ಅದಕ್ಕೆ ವಿರುದ್ಧವಾದ ಒಪ್ಪಂದ ಇಲ್ಲದಿದ್ದಲ್ಲಿ ಮೊದಲ ಹಕ್ಕುದಾರರು ಮಾಡಿಸಿದವರೇ. ಅಂದರೆ ಏನೂ ಬರೆಯದೆ ಬಿಟ್ಟರೆ ಲಾಭ ಬ್ರ್ಯಾಂಡಿಗೆ. ‘ಹಕ್ಕು ನನ್ನಲ್ಲೇ ಉಳಿಯುತ್ತದೆ, ಬ್ರ್ಯಾಂಡಿಗೆ 90 ದಿನ ತನ್ನ ಪೇಜಿನಲ್ಲಿ ಹಂಚಿಕೊಳ್ಳುವ ಅನುಮತಿ ಮಾತ್ರ’ ಎಂದು ಬರೆದರೆ ಚಿತ್ರ ಬೇರೆಯಾಗುತ್ತದೆ. ನಿಮ್ಮಲ್ಲಿರುವ ಹಕ್ಕನ್ನು ವರ್ಗಾಯಿಸುವುದಾದರೆ ಅದು ಬರಹದಲ್ಲೇ, ಸಹಿಯೊಂದಿಗೇ ಇರಬೇಕು ಎನ್ನುತ್ತದೆ 19ನೇ ಕಲಮು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದೇ ಅರ್ಥ. ಮಿಕ್ಸರ್ ರೀಲಿಗೆ ಐದು ವರ್ಷ ಬಹಳವಾಯಿತು. ಏಜೆನ್ಸಿ ಕಳಿಸುವ ಪಿಡಿಎಫ್‌ನಲ್ಲಿ ‘ಪರ್ಪೆಚ್ಯುಯಲ್’, ‘ಆಲ್ ಮೀಡಿಯಾ’ ಎಂಬ ಪದಗಳು ಕಂಡರೆ ಅಲ್ಲೇ ನಿಲ್ಲಿ. ಮೊದಲನೆಯದರ ಅರ್ಥ ಎಂದೆಂದಿಗೂ, ಎರಡನೆಯದರ ಅರ್ಥ ಮೆಜೆಸ್ಟಿಕ್ಕಿನ ಹೋರ್ಡಿಂಗಿನವರೆಗೂ.

ಎಕ್ಸ್‌ಕ್ಲೂಸಿವಿಟಿ ಕಲಮಿನಲ್ಲಿ, ಅಂದರೆ ಪೈಪೋಟಿಯ ಬ್ರ್ಯಾಂಡುಗಳ ಪ್ರಚಾರ ಮಾಡಬಾರದೆಂಬ ಷರತ್ತಿನಲ್ಲಿ, ‘ಅಡುಗೆಮನೆ ಉಪಕರಣಗಳು’ ಎಂದಿದ್ದರೆ ‘ಮಿಕ್ಸರ್ ಗ್ರೈಂಡರ್’ ಎಂದು ತಿದ್ದಿಸಿ, ಅವಧಿಯನ್ನು 30 ದಿನಕ್ಕೆ ಇಳಿಸಿ. ಇಲ್ಲದಿದ್ದರೆ ಹಬ್ಬದ ಸೀಸನ್ನಿನಲ್ಲಿ ಬರುವ ಕುಕ್ಕರ್, ಸ್ಟೋವ್, ಫ್ರಿಜ್ ಕೆಲಸಗಳೆಲ್ಲ ಕೈತಪ್ಪುತ್ತವೆ.

‘ಜಾಹೀರಾತು ಅಂತ ಹಾಕ್ಬೇಡಿ, ಆರ್ಗ್ಯಾನಿಕ್ ಆಗಿ ಕಾಣ್ಲಿ’, ಅಂದರೆ ನೀವಾಗಿಯೇ ಹಾಕಿದ ಪೋಸ್ಟಿನಂತೆ ಕಾಣಲಿ, ಎಂದು ಹೇಳುವ ಎಕ್ಸಿಕ್ಯೂಟಿವ್‌ಗಳು ಇಂದಿಗೂ ಇದ್ದಾರೆ. ಜಾಹೀರಾತು ಗುಣಮಟ್ಟ ಮಂಡಳಿ, ಅಂದರೆ ಎಎಸ್‌ಸಿಐ, ಇನ್‌ಫ್ಲುಯೆನ್ಸರ್‌ಗಳಿಗೆಂದೇ ತಂದ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಇದು ಜಾಹೀರಾತು ಎಂಬ ಲೇಬಲ್ ಕನಿಷ್ಠ 3 ಸೆಕೆಂಡ್ ಕಾಣಬೇಕು. 15 ಸೆಕೆಂಡಿಗಿಂತ ಹೆಚ್ಚು, ಎರಡು ನಿಮಿಷಕ್ಕಿಂತ ಕಡಿಮೆ ಇದ್ದರೆ ಮೂರನೇ ಒಂದು ಪಾಲು, ಅಂದರೆ ನಿಮಿಷದ ರೀಲಿಗೆ 20 ಸೆಕೆಂಡ್. ಕನ್ನಡ ವಿಡಿಯೊಗೆ ಕನ್ನಡದಲ್ಲೇ ‘ಜಾಹೀರಾತು’ ಎಂದು ಹಾಕಬಹುದು. ಹಣ ಬರಬೇಕೆಂದಿಲ್ಲ, ಪುಕ್ಕಟೆ ಮಿಕ್ಸರ್ ಬಂದಿದ್ದರೂ ಲೇಬಲ್ ಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಪ್ರಚಾರಕ್ಕೆ ಮೊದಲ ಸಲ 10 ಲಕ್ಷ ರೂ.ವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂ.ವರೆಗೆ ದಂಡ ಹಾಕಲು ಅವಕಾಶವಿದೆ. ಪ್ರಚಾರ ಮಾಡಿದವರ ಮೇಲೂ ಅದು ಬೀಳಬಹುದು. ಲೇಬಲ್ ಬೇಡ ಎಂದವರಿಗೆ ‘ಅದನ್ನೇ ಇಮೇಲಿನಲ್ಲಿ ಬರೆದು ಕಳಿಸಿ’ ಎಂದು ಹೇಳಿ ನೋಡಿ, ಆ ಇಮೇಲ್ ಬರುವುದೇ ಇಲ್ಲ.

ಬ್ಲಾಗಿನ ಲಿಂಕಿಗೂ ಇದೇ ಮಾತು. ‘ಡು-ಫಾಲೋ ಲಿಂಕ್ ಕೊಡಿ’, ಅಂದರೆ ಗೂಗಲ್ ಲೆಕ್ಕಕ್ಕೆ ಹಿಡಿಯುವ ಲಿಂಕ್ ಕೊಡಿ, ಎಂದು ಕೇಳುವುದು ಬ್ರ್ಯಾಂಡಿನ ಸೈಟು ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲು. ಹಣ ಪಡೆದ ಲಿಂಕಿಗೆ ‘ಸ್ಪಾನ್ಸರ್ಡ್’ ಅಥವಾ ‘ನೋ-ಫಾಲೋ’ ಗುರುತು ಹಾಕಬೇಕೆಂಬುದು ಗೂಗಲ್‌ನ ನಿಯಮ. ಹಾಕದೆ ಸಿಕ್ಕಿಬಿದ್ದರೆ ಕುಸಿಯುವುದು ಏಜೆನ್ಸಿಯ ಸೈಟಲ್ಲ, ನೀವು ವರ್ಷಗಟ್ಟಲೆ ಬರೆದು ಬೆಳೆಸಿದ ಬ್ಲಾಗು.

ತೆರಿಗೆಯಲ್ಲಿ ಗಮನಿಸಬೇಕಾದ್ದು ಎರಡು. ‘ಟಿಡಿಎಸ್ ಕಟ್ ಆಗಿದೆ’, ಅಂದರೆ ಹಣ ಕೊಡುವಾಗಲೇ ತೆರಿಗೆ ಹಿಡಿದಿದ್ದೇವೆ, ಎಂದು ಕಡಿಮೆ ಹಣ ಬಂದರೆ, ಆ ಮೂರು ತಿಂಗಳ ಟಿಡಿಎಸ್ ರಿಟರ್ನ್ ಸಲ್ಲಿಕೆಯಾದ ಮೇಲೆ ಅದು ಆದಾಯ ತೆರಿಗೆ ಪೋರ್ಟಲಿನಲ್ಲಿ ನಿಮ್ಮ ಪ್ಯಾನ್ ಎದುರು ಕಾಣಬೇಕು. ಕಾಣದಿದ್ದರೆ ಕಟ್ಟಿರಲಿಕ್ಕಿಲ್ಲ, ವಿಚಾರಿಸಿ. ಎರಡನೆಯದು ಉಡುಗೊರೆಯ ವಸ್ತು. 1961ರ ಆದಾಯ ತೆರಿಗೆ ಕಾಯ್ದೆಯ 194ಆರ್ ಎಂಬ ಕಲಮಿನಡಿ 2022ರ ಜುಲೈ 1ರಿಂದ ಬಂದ ನಿಯಮದಂತೆ, ಒಬ್ಬರಿಂದ ವರ್ಷಕ್ಕೆ 20,000 ರೂ. ದಾಟಿದ ಸೌಲಭ್ಯಕ್ಕೆ ಶೇ 10 ತೆರಿಗೆ. ರಿವ್ಯೂ ಮಾಡಿ ವಾಪಸ್ ಕೊಟ್ಟರೆ ಇಲ್ಲ, ಇಟ್ಟುಕೊಂಡರೆ ಉಂಟು. 60,000 ರೂ. ಬೆಲೆಯ ಫೋನ್ ಇಟ್ಟುಕೊಂಡರೆ 6,000 ರೂ. ತೆರಿಗೆ. ಅದನ್ನು ಒಂದೋ ಕಂಪನಿ ಕಟ್ಟುತ್ತದೆ, ಇಲ್ಲವೇ ನೀವು ಮುಂಗಡ ತೆರಿಗೆಯಾಗಿ ಕಟ್ಟಿ ಚಲನ್ ಪ್ರತಿ ಕೊಡುತ್ತೀರಿ. ಇದರ ವೇಷದಲ್ಲೇ ಕಳ್ಳರೂ ಬರುತ್ತಾರೆ. ‘ಪ್ರಾಡಕ್ಟ್ ಕಳಿಸೋಕೆ ಶೇ 10 ಡೆಪಾಸಿಟ್, ಆಮೇಲೆ ರೀಫಂಡ್’ ಎಂದು ಯುಪಿಐ ನಂಬರ್ ಕೊಡುತ್ತಾರೆ. ತೆರಿಗೆ ಹೋಗುವುದು ಸರ್ಕಾರಕ್ಕೆ, ಚಲನ್ ಮೂಲಕ. ಯಾರದೋ ಫೋನ್‌ಪೇಗಲ್ಲ.

ಹಣ ವಸೂಲಿಗೆ ಬಹಳ ಬ್ಲಾಗರ್‌ಗಳಿಗೆ ಗೊತ್ತಿಲ್ಲದ ಒಂದು ಅಸ್ತ್ರ ಉದ್ಯಮ್ ನೋಂದಣಿ, ಅಂದರೆ ಕಿರು, ಸಣ್ಣ, ಮಧ್ಯಮ ಉದ್ಯಮ (ಎಂಎಸ್‌ಎಂಇ) ಎಂದು ಸರ್ಕಾರದಲ್ಲಿ ಹೆಸರು ಬರೆಸುವುದು. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ಪೋರ್ಟಲಿನಲ್ಲಿ ಪುಕ್ಕಟೆಯಾಗಿ ಆಗುತ್ತದೆ. ಸಾವಿರ ರೂಪಾಯಿ ಕೇಳುವ ಸೈಟುಗಳು ದಲ್ಲಾಳಿಗಳದ್ದು. ಕೆಲಸ ಒಪ್ಪುವ ಮೊದಲೇ ನೋಂದಣಿ ಆಗಿರಬೇಕು, ಜಗಳ ಶುರುವಾದ ಮೇಲೆ ಮಾಡಿದರೆ ಹಳೆಯ ಬಿಲ್ಲಿಗೆ ಆಸರೆ ಸಿಗುವುದು ಕಷ್ಟ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಕಿರು ಮತ್ತು ಸಣ್ಣ ಉದ್ಯಮಕ್ಕೆ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಕೂಡುವ ಚಕ್ರಬಡ್ಡಿ. ಕೆಲಸ ಮುಟ್ಟಿದ 15 ದಿನದೊಳಗೆ ಬರಹದಲ್ಲಿ ತಕರಾರು ಬರದಿದ್ದರೆ ಅದನ್ನು ಒಪ್ಪಿಕೊಂಡಂತೆಯೇ ಲೆಕ್ಕ. ‘ಕ್ಲೈಂಟ್ ಕೊಟ್ಟ ಮೇಲೆ’ ಎಂಬ ನೆಪ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇನ್‌ವಾಯ್ಸಿನ ಮೇಲೆ ಉದ್ಯಮ್ ನಂಬರ್ ಹಾಕಿ, ಕೆಳಗೆ ಈ ಕಾಯ್ದೆಯ ಒಂದು ಸಾಲು ಬರೆಯಿರಿ. ಅಷ್ಟಕ್ಕೇ ಅಕೌಂಟ್ಸ್‌ನವರು ಎದ್ದು ಕೂರುವುದುಂಟು, ಏಕೆಂದರೆ ಹೊತ್ತಿಗೆ ಕೊಡದ ಹಣವನ್ನು ಆ ವರ್ಷದ ಖರ್ಚಾಗಿ ತೋರಿಸಿಕೊಳ್ಳಲು ಅವರಿಗೆ ತೊಡಕಾಗುತ್ತದೆ.

ಗಡುವು ಮುಗಿದ ಮರುದಿನ ಒಂದು ನೆನಪೋಲೆ, ಏಳನೆಯ ದಿನ ಇನ್ನೊಂದು. ಹದಿನೈದನೆಯ ದಿನದ್ದಕ್ಕೆ ಏಜೆನ್ಸಿಯ ಅಕೌಂಟ್ಸ್ ಮತ್ತು ಬ್ರ್ಯಾಂಡಿನ ಮಾರ್ಕೆಟಿಂಗ್ ವಿಭಾಗ ಎರಡಕ್ಕೂ ಪ್ರತಿ ಹೋಗಲಿ. 45 ದಿನ ದಾಟಿದರೆ ತಡವಾದ ಪಾವತಿಗೆಂದೇ ಇರುವ ಸರ್ಕಾರದ ಎಂಎಸ್‌ಎಂಇ ಪೋರ್ಟಲಿನಲ್ಲಿ ದೂರು. ಎಲ್ಲವೂ ಆ ಮೊದಲ ಇಮೇಲಿನ ಎಳೆಯಲ್ಲೇ ಇರಲಿ. ಎಕ್ಸಿಕ್ಯೂಟಿವ್ ಬದಲಾದರೂ ಹೊಸಬರಿಗೆ ಮೇಲಿಂದ ಕೆಳಗೆ ಓದಿದರೆ ಕಥೆ ತಿಳಿಯಬೇಕು. ನಡುವೆ ಇನ್‌ಸ್ಟಾಗ್ರಾಮಿನಲ್ಲಿ ಹೆಸರು ಹಾಕಿ ಬೈಯುವ ಆಸೆ ಬರುತ್ತದೆ. ದೂರು ದಾಖಲಾಗುವ ಮೊದಲು ಅದು ಬೇಡ, ಮಾತು ದುಡ್ಡಿನಿಂದ ಮಾನನಷ್ಟದ ಕಡೆಗೆ ಜಾರುತ್ತದೆ.

ಬ್ಲಾಗರ್‌ಗಳ ಕೈಯೂ ಶುದ್ಧವೇನಲ್ಲ. ಪಾರ್ಸೆಲ್ ತೆಗೆದುಕೊಂಡು ಮಾಯವಾದವರು, ಕಾರ್ಯಕ್ರಮಕ್ಕೆ ಬರುತ್ತೇನೆಂದು ಹೇಳಿ ಕುರ್ಚಿ ಖಾಲಿ ಬಿಟ್ಟವರು, ರಿವ್ಯೂಗೆ ಬಂದದ್ದನ್ನು ಪ್ಯಾಕ್ ಸಮೇತ ಮಾರಿದವರು ಇದ್ದಾರೆ. ಏಜೆನ್ಸಿಯವರ ಎಕ್ಸೆಲ್ ಹಾಳೆಯಲ್ಲಿ ಆ ಹೆಸರುಗಳು ಬಹಳ ಕಾಲ ಉಳಿಯುತ್ತವೆ. ಪೋಸ್ಟ್ ತಡವಾಗುವುದಾದರೆ ಗಡುವಿನ ಹಿಂದಿನ ದಿನವೇ ಹೇಳಿ. ವಸ್ತು ಕೆಟ್ಟದಾಗಿದ್ದರೆ ಬರೆಯುವ ಮೊದಲು ತಿಳಿಸಿ, ವಾಪಸ್ ಕಳಿಸಲು ಅವಕಾಶ ಕೇಳಿ.

ಇನ್ನು, ಯುಗಾದಿಗೆ ಜಾಹೀರಾತಾಗಿ ಓಡುತ್ತಿದ್ದ ಆ ರೀಲು. ಹೀಗಾದಾಗ ಮೊದಲು ಇನ್‌ಸ್ಟಾಗ್ರಾಮಿನಲ್ಲಿ ಆ ಪೋಸ್ಟಿಗೆ ಪಾರ್ಟ್‌ನರ್‌ಶಿಪ್ ಜಾಹೀರಾತಿನ, ಅಂದರೆ ಅದನ್ನು ಬ್ರ್ಯಾಂಡ್ ತನ್ನ ಜಾಹೀರಾತಾಗಿ ಓಡಿಸುವ, ಅನುಮತಿ ಅಥವಾ ಕೋಡ್ ಕೊಟ್ಟಿದ್ದೀರಾ ನೋಡಿ. ಅವಸರದಲ್ಲಿ ‘ಅಲೋ’ ಒತ್ತಿರುವುದೇ ಹೆಚ್ಚು. ಆದರೆ ಅದನ್ನು ಆಫ್ ಮಾಡುವ ಮುನ್ನ ಇನ್‌ಸ್ಟಾಗ್ರಾಮಿನ ಒಡೆಯ ಕಂಪನಿ ಮೆಟಾದ ಆ್ಯಡ್ ಲೈಬ್ರರಿಗೆ ಹೋಗಿ ಬ್ರ್ಯಾಂಡಿನ ಹೆಸರು ಹುಡುಕಿ. ಈಗ ಓಡುತ್ತಿರುವ ಜಾಹೀರಾತುಗಳು, ಶುರುವಾದ ದಿನಾಂಕ ಸಮೇತ, ಯಾರಿಗೆ ಬೇಕಾದರೂ ಅಲ್ಲಿ ಕಾಣುತ್ತವೆ. ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಆಮೇಲೆ ಅನುಮತಿ ಹಿಂತೆಗೆದು, ಜಾಹೀರಾತಿಗೆ ದರ ಬೇರೆ ಎಂದು ಮೊದಲೇ ಬರೆದಿದ್ದರೆ ಅಷ್ಟು ದಿನಗಳ ಬಳಕೆಗೆ ಬೇರೆ ಇನ್‌ವಾಯ್ಸ್ ಕಳಿಸಿ. ಜಾಹೀರಾತು ನಿಂತರೆ ಸಾಮಾನ್ಯವಾಗಿ ಆ ಪುರಾವೆಯೂ ಲೈಬ್ರರಿಯಿಂದ ಮರೆಯಾಗುತ್ತದೆ.